ಹಾಳೆ ಹಂಚಿದ ಫಕೀರವ್ವ

"ಅರ್ಧ ಕಸಾ ಹೊಡೆದಿಲ್ಲ, ಮತ್ತ ಬಂದ್ರು ನೋಡು," ಎಂದು ಹೊಳೆದಂಡೆಯ ಊರಿನ ಗ್ರಂಥಾಲಯ ನೋಡಿಕೊಳ್ಳುವ ಫಕೀರವ್ವ ಗೊಣಗಿದಳು. ತಪಾಸಣೆಗೆ ಬಂದ ಸಾಹೇಬರು ಪ್ರವಾಹದ ಕೈಪಿಡಿ ಕೇಳಿದರು. ಅವಳು ಒಳಗೆ ಹಾಳೆಗಳೇ ಇಲ್ಲದ ಬರೀ ರಟ್ಟು ಕೊಟ್ಟಳು.

"ಸರ್ಕಾರಿ ಪುಸ್ತಕ ಹರಿದು ಹಾಕಿದೆಯಾ? ನಾಳೆಯಿಂದ ಕೆಲಸಕ್ಕೆ ಬರಬೇಡ."

"ಕಪಾಟಿನಾಗಿನ ಪುಸ್ತಕಕ್ಕ ಈಜು ಬರಂಗಿಲ್ರೀ ಸಾಹೇಬ್ರ. ಯಾರಿಗೆ ಯಾವ ಹಾಳಿ ಬೇಕೋ ಅವರ ಬಾಗಲಕ್ಕ ಅಂಟಿಸೀನಿ."

ಸಾಹೇಬರು ನಂಬಲಿಲ್ಲ. ಎದುರುಮನೆ ಬಾಗಿಲಿಗೆ ಹಾವು ಕಡಿತದ ಹಾಳೆ ಅಂಟಿದ್ದು ಕಂಡು, ಆ ಮನೆಯ ಮುದುಕನನ್ನು ಕರೆದು, "ಹಾವು ಕಚ್ಚಿದರೆ?" ಎಂದರು.

"ಕಟ್ಟು ಬಿಗೀಬಾರ್ದು, ಲಗೂನ ದವಾಖಾನಿಗೆ ಒಯ್ಬೇಕ್ರಿ," ಎಂದ ಮುದುಕ.

ಸಾಹೇಬರ ದನಿ ಇಳಿಯಿತು. "ಪ್ರವಾಹ ಬಂದಾಗ ಒಂಟಿಯಾಗಿರುವವರನ್ನು ಕರೆತರುವ ಹಾಳೆ ಯಾರ ಬಾಗಿಲಲ್ಲಿದೆ?"

"ನನ್ನ ಬಾಗಲದಾಗ್ರಿ. ಎಲ್ಲಾರನ್ನೂ ನಾನ ಕರ್ಕೊಂಡು ಬರ್ತೀನಿ."

"ನಿನ್ನ ಮನೆಯಲ್ಲಿ ಯಾರಿದ್ದಾರೆ?"

"ನಾನೊಬ್ಬಾಕಿ."

"ಹಾಗಾದರೆ ನಿನ್ನನ್ನು ಕರೆಯೋಕೆ ಯಾರು ಬರ್ತಾರವ್ವಾ?"