ಪಂಕ್ತಿಯಲ್ಲಿ ಮಕ್ಕಳಿಗೆ ಎಲೆಯಿಲ್ಲ

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಹೊಂಬಾಳೆ ಅಂತ ಒಂದು ರಾಜ್ಯ. ಅಲ್ಲೊಂದು ದೊಡ್ಡ ವಿದ್ಯಾಶಾಲೆ. ಅಲ್ಲಿ ಮುರಿದ ಮೂಳೆ ಕೂಡಿಸುವ ವಿದ್ಯೆ ಕಲಿಸುತ್ತಿದ್ದವಳು ಮಾಯಕ್ಕ. ಶಾಲೆ ಕಟ್ಟಿಸಿದ ಹಳೆಯ ರಾಣಿ, ಅಂದರೆ ಈಗಿನ ರಾಜನ ಅಜ್ಜಿ, ಒಂದು ಕಟ್ಟಳೆ ಮಾಡಿದ್ದಳು. ಊಟದ ಪಂಕ್ತಿಯಲ್ಲಿ ಕೂತವರು ಅವತ್ತು ಕಲಿತದ್ದನ್ನೋ ಕಲಿಸಿದ್ದನ್ನೋ ಒಪ್ಪಿಸಿಯೇ ತುತ್ತು ಎತ್ತಬೇಕು.

ಶಾಲೆಯ ಆಡಳಿತ ನೋಡಲು ಮುದ್ದರಸ ಬಂದ. ಬಂದವನೇ "ಇದೆಲ್ಲ ಹೊತ್ತುಗೇಡು" ಅಂತ ಕಟ್ಟಳೆ ನಿಲ್ಲಿಸಿದ. ದೀಪ ನೋಡಿಕೊಳ್ಳಲು ತನ್ನ ಭಾವಮೈದುನನನ್ನು ಕರೆತಂದ. ಅವನ ಸಂಬಳಕ್ಕೆ ದೀಪದ ಎಣ್ಣೆಯ ದುಡ್ಡು ಹೋಯಿತು. ಅವನ ಮೇಲೆ ಕಣ್ಣಿಡಲು ಇನ್ನೊಬ್ಬ ಬಂದ. ಅವನ ಪಲ್ಲಕ್ಕಿಗೆ ಮಕ್ಕಳು ಬರೆಯುವ ಓಲೆಗರಿಯ ದುಡ್ಡು ಹೋಯಿತು. ಇಬ್ಬರೂ ಸರಿಯಿದ್ದಾರೋ ಇಲ್ಲವೋ ನೋಡಲು ಮೂರನೆಯವನು ಬಂದ. ಅವನ ಪರಿವಾರಕ್ಕೆ ಮಕ್ಕಳ ಅಕ್ಕಿಯೇ ಹೋಯಿತು.

"ಅಕ್ಕಿ ಸಾಲಲ್ಲ ಮಾಯಕ್ಕ. ನಾಳೆ ನಿನ್ನ ಮಕ್ಕಳನ್ನ ಊರಿಗೆ ಕಳಿಸಿಬಿಡು," ಅಂದ ಮುದ್ದರಸ.

ಮೂಳೆ ಕೂಡಿಸುವ ವಿದ್ಯೆ ಗೊತ್ತಿದ್ದವಳು ಮಾಯಕ್ಕ ಒಬ್ಬಳೇ. ಆ ಮಕ್ಕಳು ಹೋದರೆ ವಿದ್ಯೆಯೂ ಅವಳ ಜೊತೆಗೇ ಮಣ್ಣು ಸೇರುತ್ತಿತ್ತು. "ಅಕ್ಕಾ, ನಾಳೆ ನಾವು ಇಲ್ಲೇ ಇರ್ತೀವಲ್ವಾ?" ಅಂತ ಚಿಕ್ಕ ಹುಡುಗಿ ಹೊನ್ನಿ ಸೆರಗು ಜಗ್ಗಿದಳು. ಮಾಯಕ್ಕ ಅವಳ ತಲೆ ಸವರಿದಳು.

ಅವತ್ತೇ ರಾಜ ಶಾಲೆಗೆ ಊಟಕ್ಕೆ ಬಂದ. ಪಂಕ್ತಿ ತುಂಬ ಮುದ್ದರಸನ ಜನ. ಮಕ್ಕಳು ಗೋಡೆಗೆ ಒರಗಿ ನಿಂತಿದ್ದರು.  ಮಾಯಕ್ಕ ರಾಜನಿಗೆ ಕೈ ಮುಗಿದಳು.

"ಬುದ್ಧೀ, ಮುದ್ದರಸಯ್ಯನೋರು ಕರೆಸಿರೋರು ಅಂದ್ರೆ ಭಾರೀ ವಿದ್ವಾಂಸರೇ ಇರಬೇಕು. ನಿಮ್ಮಜ್ಜಿಯ ಕಟ್ಟಳೆಯಂತೆ ಇವತ್ತು ಅವರೇ ಮೊದಲು ಒಪ್ಪಿಸ್ಲಿ."

ಹೊಗಳಿಕೆಗೆ ಉಬ್ಬಿಹೋದ ಮುದ್ದರಸ "ಆಗಲಿ, ಆಗಲಿ" ಅಂದುಬಿಟ್ಟ.

"ನಾನು ದೀಪ ನೋಡ್ದೆ," ಅಂದ ಭಾವಮೈದುನ.

"ಉರೀತಿತ್ತಾ?" ಕೇಳಿದ ರಾಜ.

"ಎಣ್ಣೆ ಇರ್ಲಿಲ್ಲ ಬುದ್ಧೀ."

"ನಾನು ಇವನನ್ನ ನೋಡ್ದೆ," ಅಂದ ಎರಡನೆಯವನು.

"ನಾನು ಇವರಿಬ್ಬರನ್ನೂ ನೋಡ್ದೆ," ಅಂದ ಮೂರನೆಯವನು.

ಗೋಡೆಯ ಕಡೆಯಿಂದ ಹೊನ್ನಿಯ ದನಿ ಬಂತು. "ಮುರಿದ ಕೈಗೆ ಬಿದಿರ ದಬ್ಬೆ ಕಟ್ಟಿದ ಮೇಲೆ ಬೆರಳು ಮುಟ್ಟಿ ನೋಡ್ಬೇಕು. ತಣ್ಣಗಿದ್ರೆ ಕಟ್ಟು ಬಿಗಿಯಾಗಿದೆ ಅಂತ. ಬೇಗ ಸಡಿಲ ಮಾಡ್ಬೇಕು."

ರಾಜ ಎದ್ದು ಅವಳನ್ನು ತನ್ನ ಎಲೆಯ ಮುಂದೆ ಕೂರಿಸಿದ. ಮೂವರನ್ನೂ ಅವರ ಪರಿವಾರವನ್ನೂ ಮನೆಗೆ ಅಟ್ಟಿದ. ಮುದ್ದರಸನನ್ನು ಮಾತ್ರ ಬಿಡಲಿಲ್ಲ.

"ನೀನು ಇಲ್ಲೇ ಇರು. ದಿನಾ ಒಂದು ಪಾಠ ಕಲಿತು ಈ ಮಕ್ಕಳಿಗೆ ಒಪ್ಪಿಸು. ಆಮೇಲೆ ಊಟ."

ಮಾಯಕ್ಕ ಸಂತೋಷಕ್ಕೆ ಅತ್ತೇಬಿಟ್ಟಳು. ಆದರೆ ದಿಗಿಲು ಪೂರ್ತಿ ಹೋಗಲಿಲ್ಲ. ಆಮೇಲೂ ಊಟದ ಹೊತ್ತಿಗೆ ಅವಳು ಮೊದಲು ನೋಡುತ್ತಿದ್ದದ್ದು ಪಂಕ್ತಿಯಲ್ಲಿ ಯಾರು ಕೂತಿದ್ದಾರೆ ಅಂತ.

ತಿಳೀತಾ ಮಕ್ಕಳೇ? ವಿದ್ಯಾಶಾಲೆಯ ಅನ್ನ ಕಲಿಯುವವರದು, ಕಲಿಸುವವರದು. ಅವರನ್ನು ನಿಲ್ಲಿಸಿ ಕಾವಲು ಕಾಯುವವರನ್ನೇ ಕೂರಿಸುತ್ತಾ ಹೋದರೆ, ಕೊನೆಗೆ ಅಲ್ಲಿ ಕಾಯುವುದಕ್ಕೆ ಏನೂ ಉಳಿಯುವುದಿಲ್ಲ.