ಉಸ್ಸಪ್ಪನ ದಿಬ್ಬ

ಉಸ್ಸಪ್ಪನ ದಿಬ್ಬಕ್ಕೆ ಆ ಹೆಸರು ಬಂದ ಬಗೆಯನ್ನು ನನಗೆ ಮೊದಲು ಹೇಳಿದವರು ಹಳೇಮನಿ ಗುರುಬಾಳವ್ವನವರು. ಜೋಳ ಹಸನು ಮಾಡುತ್ತ, ಮೊರದಿಂದ ಕಣ್ಣೆತ್ತದೆ ಹೇಳಿದರು. ಅವರಿಗೆ ಅವರ ಅತ್ತೆ ಹೇಳಿದ್ದರಂತೆ. ಮಾದಲಹಾಳದಿಂದ ಹೊಳೆಯ ಕಡೆಗೆ ಅರ್ಧ ಹರದಾರಿ ನಡೆದರೆ ಎರೆಹೊಲಗಳ ನಡುವೆ ಆ ದಿಬ್ಬ ಸಿಗುತ್ತದೆ. ಈಗ ಮೂರು ವರ್ಷಗಳಿಂದ ಚಳಿಗಾಲದಲ್ಲಿ ಉತ್ಖನನದವರು ಬಂದು, ಅದರ ಪಡುವಣ ಮಗ್ಗುಲಲ್ಲಿ ಹಗ್ಗ ಕಟ್ಟಿ, ಚೌಕ ಚೌಕವಾಗಿ ಅಗೆಯುತ್ತಾರೆ. ನೋಡಲು ಬಂದವರೂ ಕೈಹಚ್ಚಬಹುದು ಎಂದು ಫಲಕ ಹಾಕಿದ್ದಾರೆ. ಹಾಗಾಗಿ ಬ್ಯಾಂಕಿನಲ್ಲಿ ದುಡಿಯುವವರು, ನಿವೃತ್ತರಾದ ಶಿಕ್ಷಕಿಯರು, ಇನ್ನೂ ಎಲ್ಲೆಲ್ಲಿಯವರೋ ಟೊಪ್ಪಿಗೆ ಹಾಕಿಕೊಂಡು ಬಂದು, ಕರಣೆಯಿಂದ ಮಣ್ಣು ಕೆರೆಯುತ್ತಾರೆ, ಜರಡಿ ಹಿಡಿಯುತ್ತಾರೆ, ಸಿಕ್ಕ ಒಡೆದ ಮಡಕೆಯ ಬೋಕಿಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯುತ್ತಾರೆ. ಹೊತ್ತು ಏರಿದಾಗ ಯಾರಾದರೊಬ್ಬರು ಸೊಂಟ ಹಿಡಿದುಕೊಂಡು ದಿಬ್ಬದ ಹೆಸರು ಕೇಳಿಯೇ ಕೇಳುತ್ತಾರೆ. ಉಸ್ಸಪ್ಪನೆಂಬ ಪಾಳೆಯಗಾರನಿದ್ದ ಎನ್ನುತ್ತಾರೆ ಕೆಲವರು. ಋಷಿಯಪ್ಪ ಎಂಬುದೇ ಬಾಯಿಂದ ಬಾಯಿಗೆ ಸವೆದಿದೆ ಎನ್ನುತ್ತಾರೆ ಓದಿದವರು. ಗುರುಬಾಳವ್ವನವರು ಎರಡನ್ನೂ ಒಪ್ಪುತ್ತಿರಲಿಲ್ಲ.

ಹಿಂದೆ ಒಮ್ಮೆ ಊರು ಈಗಿರುವಲ್ಲಿ ಇರಲಿಲ್ಲ. ದಿಬ್ಬವಿರುವ ಜಾಗದಲ್ಲೇ, ಹೊಳೆಗೆ ಹತ್ತಿಕೊಂಡು ಇತ್ತು. ಒಂದು ಮಳೆಗಾಲ ಹೊಳೆ ಮೂರು ದಿನ ಊರೊಳಗೇ ನಿಂತು, ಇಳಿಯುವಾಗ ಎರಡಾಳುದ್ದ ಕೆಸರು ಬಿಟ್ಟು ಹೋಯಿತು. ಜನ ದನಕರುಗಳೊಡನೆ ಮೇಲಿನ ಬಯಲಿಗೆ ಸರಿದು ಮನೆ ಕಟ್ಟಿಕೊಳ್ಳತೊಡಗಿದರು. ಕಲ್ಮೇಶ್ವರನ ಗುಡಿ ಮಾತ್ರ ಮಣ್ಣಿನಡಿ ಉಳಿಯಿತು. ಹೊಸ ಲಿಂಗ ತಂದು ಕೂಡಿಸೋಣ ಎಂದರು ಹಿರಿಯರು. ಪೂಜಾರಿ ಮುಪ್ಪಯ್ಯ ಒಪ್ಪಲಿಲ್ಲ. ಹನ್ನೆರಡನೆಯ ವಯಸ್ಸಿನಿಂದ ಆ ಲಿಂಗಕ್ಕೆ ನೀರೆರೆಯದೆ ಊಟದ ಗಂಗಾಳದ ಮುಂದೆ ಕೂತವನಲ್ಲ ಅವನು. ಅದರ ಮೇಲೆ ಮತ್ತೆ ನೀರು ಬೀಳುವ ತನಕ ಕೂತು ಉಣ್ಣುವುದಿಲ್ಲ ಎಂದು ಹೇಳಿ, ನಿಂತ ನಿಲುವಿನಲ್ಲೇ ಒಂದು ಚರಿಗೆ ಅಂಬಲಿ ಕುಡಿದು, ಅಗೆಯಲು ಹೋದ. ಲಿಂಗಕ್ಕೆ ಏಟು ಬಿದ್ದೀತೆಂದು ಗುದ್ದಲಿ, ಸಲಿಕೆ ಮುಟ್ಟಿಸಲಿಲ್ಲ. ಬೋಕಿಯಿಂದ ಕೆರೆಯಬೇಕು, ಕೈಯಿಂದ ಬಾಚಬೇಕು, ಬುಟ್ಟಿಯಲ್ಲಿ ಹೊತ್ತು ದೂರ ಸುರಿಯಬೇಕು. ಮನೆ ಕಟ್ಟುವ ಗಡಿಬಿಡಿಯಲ್ಲಿದ್ದ ಊರವರಿಗೆ ಅಷ್ಟು ಪುರುಸೊತ್ತೆಲ್ಲಿ? ಅದಕ್ಕೇ ಅವನು ದಾರಿಯ ಮಗ್ಗುಲಿಗೆ ನಿಂತು ಬಂದುಹೋಗುವವರನ್ನು ಕೇಳಿದ. ಒಬ್ಬರು ಒಂದು ಬುಟ್ಟಿ, ಅಷ್ಟೇ. ಸಂತೆಗೆ ಹೊರಟವರು, ಬೀಗರ ಊರಿಗೆ ಹೊರಟವರು, ಆ ದೇವರ ಮುಖ ಕಾಣದ ಪರಸ್ಥಳದವರು ಸಹ ಗಂಟು ಕೆಳಗಿಟ್ಟು ಬುಟ್ಟಿ ಹೊತ್ತರು. ಅಗೆತದಲ್ಲಿ ಒಳಕಲ್ಲು, ಹಣತೆ, ಕಾಲ್ಗಡಗ ಏನು ಸಿಕ್ಕರೂ ದಂಡೆಯ ಮೇಲೆ ಸಾಲಾಗಿ ಇಡುವುದು ರೂಢಿಯಾಯಿತು. ಊರ ಹೆಂಗಸರು ಬಂದು, ಇದು ನಮ್ಮತ್ತೆಯದು ಎಂದು ಗುರುತು ಹಿಡಿದು, ಸೆರಗಿನಿಂದ ಒರೆಸಿ ಒಯ್ಯುತ್ತಿದ್ದರು.

ಬುಟ್ಟಿ ಇಳಿಸಿದವರು ಮಣ್ಣಿನ ಮೇಲೆ ಕುಕ್ಕರಿಸಿ "ಉಸ್ಸಪ್ಪಾ" ಎನ್ನುತ್ತಿದ್ದರು. ಯಾರ ಬಾಯಲ್ಲಾದರೂ ಬರುವ ಮಾತೇ ಅದು. ಮುಪ್ಪಯ್ಯನಿಗೆ ಮಾತ್ರ ಕೇಳಿದಾಗಲೆಲ್ಲ ಮುಖ ಗಂಟಾಗುತ್ತಿತ್ತು. "ದೇವರ ಕೆಲಸದಾಗ ಉಸ್ ಅಂದ್ರ ಹೆಂಗ್ರಿ? ಆತನ ಹೆಸರು ತಗೋರಿ" ಎನ್ನುತ್ತಿದ್ದ. ತಾನು ದಿಬ್ಬದ ಮೇಲೆ ಕೂಡುತ್ತಲೂ ಇರಲಿಲ್ಲ, ಉಸ್ಸೆನ್ನುತ್ತಲೂ ಇರಲಿಲ್ಲ. ಹೆಂಡತಿ ನೀಲಗಂಗವ್ವ ದಿನಾ ಅಂಬಲಿ ತಂದು ಎದುರು ನಿಲ್ಲುವಳು. "ನಿಂತು ಕುಡದದ್ದು ಹೊಟ್ಯಾಗ ನಿಲ್ಲೂದಿಲ್ಲ, ಸೀದಾ ಕಾಲಿಗಿ ಇಳಿತೈತಿ. ನೋಡ್ರಿ, ಕಾಲಷ್ಟ ಉಳದಾವು, ಮ್ಯಾಲೆಲ್ಲ ಬರೇ ಎಲುಬು" ಎಂದು ಮೊದಮೊದಲು ಕೆಣಕುತ್ತಿದ್ದಳು. ಐದನೆಯ ವರ್ಷಕ್ಕೆ ಆ ಕೆಣಕೂ ನಿಂತಿತು. ಗಂಡನ ಕೈಯಿಂದ ಬುಟ್ಟಿ ಜಾರಿ ಬೀಳುವುದನ್ನು ಕಂಡು, "ನಾ ಇರೂದ್ರೊಳಗ ಒಂದ ದಿನ ಕುಂತು ಉಣ್ರಿ. ಮತ್ತೇನೂ ಕೇಳೂದಿಲ್ಲ" ಎಂದಷ್ಟೇ ಅಂದಳು. ಮುಪ್ಪಯ್ಯನಿಗೂ ದಣಿವು ಎಲುಬಿಗೆ ಇಳಿದಿತ್ತು. ಒಮ್ಮೆ ಕೂತರೆ ಮತ್ತೆ ಏಳಲಾರೆನೆಂಬ ಅಂಜಿಕೆ ಒಳಗೊಳಗೇ ಇತ್ತು.

ವರ್ಷಕ್ಕೊಮ್ಮೆ ಉಪ್ಪು ಹೇರಿದ ಎತ್ತುಗಳನ್ನು ಹೊಡೆದುಕೊಂಡು ಆ ದಾರಿಯಲ್ಲಿ ಬರುವ ಲಂಬಾಣಿಗರಲ್ಲಿ ಜೆಮಲಿ ಎಂಬ ಹೆಂಗಸೊಬ್ಬಳಿದ್ದಳು. ಕನ್ನಡ ಅವಳಿಗೆ ಸಂತೆಯಲ್ಲಿ ಕಲಿತಷ್ಟೇ. ಪ್ರತಿ ಸಲವೂ ತಪ್ಪದೆ ಒಂದು ಬುಟ್ಟಿ ಹೊತ್ತು, "ಉಸ್ಸಪ್ಪ ಸಿಕ್ಕನೇನಜ್ಜಾ?" ಎಂದು ಕೇಳುವಳು. ಕೂತವರು ಬಿದ್ದುಬಿದ್ದು ನಗುವರು. "ಆತನ ಹೆಸರು ಕಲ್ಮೇಶ್ವರ, ತಂಗಿ" ಎಂದು ಮುಪ್ಪಯ್ಯ ತಿದ್ದಿದರೆ ಅವಳಿಗೆ ಅರ್ಥವಾಗದು. "ಮತ್ತ ಎಲ್ಲಾರೂ ಕುಂತಾಗೊಮ್ಮೆ ಕರೀತೀರಿ, ಅದು ಯಾರನ್ನ?" ಎನ್ನುವಳು. ನಗು ಇನ್ನಷ್ಟು ಹೆಚ್ಚುವುದು.

ಏಳನೆಯ ಚಳಿಗಾಲದಲ್ಲಿ ಬೋಕಿ ಹಾಸುಗಲ್ಲಿಗೆ ತಗುಲಿತು. ಮುಪ್ಪಯ್ಯ ಯಾರನ್ನೂ ಕೆಳಗಿಳಿಯಗೊಡದೆ ತಾನೇ ಇಳಿದು, ಅಂಗೈಯಿಂದ ಮಣ್ಣು ಸರಿಸುತ್ತ ಹೋದ. ಪೀಠದ ಅಂಚು ಕಂಡಿತು, ನೀರು ಹರಿದುಹೋಗುವ ಹರಣಿ ಕಂಡಿತು. ನಡುವೆ ಲಿಂಗವಿರಲಿಲ್ಲ. ಲಿಂಗವಿರಬೇಕಾದ ಕುಳಿಯಲ್ಲಿ ಒಂದು ಹಿಡಿ ಮರಳಿತ್ತು. ಅದನ್ನೂ ತೆಗೆದು ಬೆರಳಿನಿಂದ ತಳ ಮುಟ್ಟಿ ನೋಡಿದ. ಹೊಳೆ ಊರಿಗೆ ನುಗ್ಗಿದ ಆ ದಿನವೇ ಅದನ್ನು ಎತ್ತಿ ಒಯ್ದಿತ್ತು. ಏಳು ವರ್ಷ ಅವನು ಅಗೆದದ್ದು ಬರಿಯ ಪೀಠಕ್ಕಾಗಿ. ದಂಡೆಯ ಮೇಲೆ ಜನ ಬಗ್ಗಿ ನೋಡುತ್ತಿದ್ದರು. ಮುಪ್ಪಯ್ಯ ಹಾಸುಗಲ್ಲಿನ ಮೇಲೆ ಕೂತುಬಿಟ್ಟ. ಎದೆಯ ತಳದಿಂದ ಉಸಿರು ಮೇಲೆದ್ದು "ಉಸ್ಸಪ್ಪಾ" ಎಂದಿತು.

ಅಂದು ಎತ್ತುಗಳೊಡನೆ ಅಲ್ಲೇ ನಿಂತಿದ್ದ ಜೆಮಲಿ ಅದನ್ನು ಕೇಳಿ ಕೈಮುಗಿದಳು. ತನ್ನ ಚರಿಗೆಯನ್ನು ಹಿಡಿದು ಅಗೆದ ಕುಣಿಗೆ ಇಳಿದು ಬಂದಳು. "ಈಗ ಕರದಿ ನೋಡಜ್ಜಾ. ಇಷ್ಟ ದಿನ ಬ್ಯಾರೆ ಹೆಸರಲೆ ಕರದಿ. ಬಂದಾನ, ನೀರು ಹಾಕು" ಎಂದಳು. ಈ ಸಲ ಯಾರೂ ನಗಲಿಲ್ಲ. ಮುಪ್ಪಯ್ಯ ಅವಳ ಮುಖ ನೋಡಿದ. ಅಲ್ಲಿ ಚೇಷ್ಟೆಯೂ ಇರಲಿಲ್ಲ, ಸಮಾಧಾನ ಹೇಳುವ ಹವಣಿಕೆಯೂ ಇರಲಿಲ್ಲ. ದೇವರು ಬಂದದ್ದು ಅವಳ ಪಾಲಿಗೆ ನಿಜವಾಗಿತ್ತು. ತಾನು ಹೊತ್ತುಹೊತ್ತಿಗೆ ಸ್ನಾನ ಮಾಡಿ, ಮಡಿಯುಟ್ಟು ಹೇಳಿದ ಹೆಸರುಗಳೆಲ್ಲ ಅವನಿಗೆ ನೆನಪಾದವು. ಯಾರ ಯಾರೋ ಬೆನ್ನು ಮುರಿದುಕೊಂಡು, ಯಾರಿಗೂ ಕೇಳಲೆಂದಲ್ಲದೆ ಹೇಳಿದ ಈ ಒಂದು ಹೆಸರೂ ನೆನಪಾಯಿತು. ಅಲ್ಲವೆಂದು ವಾದಿಸುವ ತ್ರಾಣ ಉಳಿದಿರಲಿಲ್ಲ. ಚರಿಗೆ ತೆಗೆದುಕೊಂಡು ಆ ಕುಳಿಗೆ ನೀರೆರೆದ. ನೀರು ಇಂಗಲಿಲ್ಲ, ತುಂಬಿ ನಿಂತಿತು. ಆಮೇಲೆ ಮೇಲಕ್ಕೆ ನೋಡಿ, "ನೀಲಗಂಗಾ, ಗಂಗಾಳ ತಾ" ಎಂದ. ಒಂದು ರೊಟ್ಟಿ ಮುಗಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು. ನೀಲಗಂಗವ್ವ ಎದುರಿಗೆ ಕೂತು, ಮುರಿದ ಪ್ರತಿ ತುತ್ತನ್ನೂ ನೋಡಿದಳು ಎನ್ನುತ್ತಾರೆ.

ಹೊಸ ಲಿಂಗದ ಮಾತನ್ನು ಊರವರು ಮತ್ತೆ ಎತ್ತಲಿಲ್ಲ. ಇಂದಿಗೂ ದಿಬ್ಬದ ನೆತ್ತಿಯಿಂದ ಒಂಬತ್ತು ಮೆಟ್ಟಿಲು ಇಳಿದರೆ ಬರಿದಾದ ಆ ಪೀಠ, ಅದರ ಕುಳಿಯಲ್ಲಿ ನೀರು ಕಾಣುತ್ತದೆ. ಅಲ್ಲಿ ಗಂಟೆಯಿಲ್ಲ, ಮಂತ್ರವಿಲ್ಲ. ಬಂದವರು ತಲೆಯ ಮೇಲಿನದನ್ನೋ ಹೆಗಲ ಮೇಲಿನದನ್ನೋ ಇಳಿಸಿ, ಕೂತು, ಆ ಒಂದು ಮಾತು ಆಡಿ, ನೀರು ಹಾಕಿ ಎದ್ದುಹೋಗುತ್ತಾರೆ. ಅಗೆಯಲು ಬಂದ ಪರಸ್ಥಳದವರೂ ಸಂಜೆ ಮಣ್ಣುಗೈಯಲ್ಲೇ ಇಳಿದು ಬಂದು, ತಮ್ಮ ತಮ್ಮ ಭಾಷೆಯಲ್ಲಿ ಉಸಿರು ಬಿಟ್ಟು, ಗೋಡೆಗೆ ಒರಗಿ ಕೂಡುತ್ತಾರೆ. ಈ ಕಥೆ ಓದಿದವರೇ, ನಿಮ್ಮ ಮನೆಯಲ್ಲಿ ಕೇಳುವವರಿದ್ದರೆ ಇದನ್ನು ಅವರಿಗೂ ಹೇಳಿ. ಹೇಳುವಾಗ ಆ ಉಪ್ಪಿನ ಹೆಂಗಸನ್ನು ನಗೆಗೀಡು ಮಾಡಬೇಡಿ. ಅವಳಾಡಿದ ಮಾತನ್ನು ಅವಳು ಆಡಿದ ಹಾಗೆಯೇ ಹೇಳಿ.