ಕೊಪ್ಪರಿಗೆಯ ಮಸಿ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಊರನ್ನೇ ಕಾಣದ ಮಕ್ಕಳು ಆ ಊರಿನವರಾಗುವುದು ಹೇಗೆ?"

ಗುರುಗಳು ಹೇಳಿದರು: "ಕೊಪ್ಪರಿಗೆಯೊಂದನ್ನು ಚೊಕ್ಕವಾಗಿ ತೊಳೆದುಕೊಟ್ಟದ್ದಕ್ಕೆ ಒಂದು ಮದುವೆಯೇ ನಿಲ್ಲುವುದರಲ್ಲಿತ್ತು. ಯಾಕೆ, ಊಹಿಸು ನೋಡೋಣ."

ಶಿಷ್ಯ ಯೋಚಿಸಿದ. "ತೂತು ಬಿದ್ದಿತ್ತೇ?"

"ತೂತು ಬಿದ್ದಿದ್ದರೆ ಬೆಸುಗೆ ಸಾಕಿತ್ತು, ಕತೆ ಬೇಕಿರಲಿಲ್ಲ. ಕೇಳು."

ಹೊಳೆಬಾವಿ ಎಂಬ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಜನ ಗಾಡಿ ಹೂಡಿಕೊಂಡು ಬಂದು ದೂರದ ಒಂದು ಊರಿನ ಅಂಚಿನಲ್ಲಿ ನೆಲೆನಿಂತರು. ಬರುವಾಗ ಊರೊಟ್ಟಿನ ತಾಮ್ರದ ಕೊಪ್ಪರಿಗೆಯನ್ನೂ ತಂದರು. ಯಾರ ಮದುವೆಯಾದರೂ ಅನ್ನ ಬೇಯುವುದು ಅದರಲ್ಲೇ. ಆಮೇಲೆ ಒಳಗನ್ನು ಬೆಳಗುವರು, ಹೊರಗಿನ ಮಸಿಯನ್ನು ಮುಟ್ಟರು. ಹುಟ್ಟಿದ ಕೂಸಿಗೂ ಹಸೆಗೇರುವ ಮದುಮಗಳಿಗೂ ಕೆನ್ನೆಗೆ ದೃಷ್ಟಿಬೊಟ್ಟು ಆ ಮಸಿಯಿಂದಲೇ. ಹಳೆಯ ಊರಿನ ಹೊಗೆ ಅದರಲ್ಲಿದೆ ಎಂದು ಅವರ ನಂಬಿಕೆ. ಊರು ಮುಳುಗಿದ ಮೇಲೆ ಹುಟ್ಟಿದ ಹುಡುಗರು ಕೂಡ ಕೆನ್ನೆ ಮುಟ್ಟಿಕೊಂಡು, ತಾವು ಹೊಳೆಬಾವಿಯವರು ಎನ್ನುತ್ತಿದ್ದರು. ಸುತ್ತಲಿನವರು ಮಾತ್ರ ಅವರನ್ನು ಮುಳುಗಡೆಯವರು ಎಂದೇ ಕರೆಯುತ್ತಿದ್ದರು.

ಒಂದು ವರ್ಷ ಪಕ್ಕದ ಊರಿನ ರೈತನೊಬ್ಬ ಮಗನ ಮದುವೆಗೆಂದು ಕೊಪ್ಪರಿಗೆಯನ್ನು ಕೇಳಿ ಒಯ್ದ. ಮರಳಿ ಬಂದಾಗ ಅದು ಕನ್ನಡಿಯಂತೆ ಹೊಳೆಯುತ್ತಿತ್ತು. ಅವನ ಊರಿನಲ್ಲಿ, ತಂದ ಪಾತ್ರೆಯನ್ನು ಮಸಿಯೊಡನೆ ಮರಳಿಸಿದರೆ ಕೊಟ್ಟವರಿಗೆ ಅವಮಾನ.

ರೈತನ ಹೆಂಡತಿ ನಗುತ್ತ ಹೇಳಿದಳು: "ನಿಮ್ಮ ಕೊಪ್ಪರಿಗೆಗೆ ನೀರೆರೆದು ಎಷ್ಟು ವರ್ಷವಾಗಿತ್ತವ್ವ? ನನ್ನ ಮೂವರು ಸೊಸೆಯರ ಉಗುರು ಸವೆದುಹೋದವು."

ಯಾರೂ ನಗಲಿಲ್ಲ. ಅಂದೇ ಹೊಳೆಬಾವಿಯವರಲ್ಲಿ ಒಬ್ಬ ಹುಡುಗಿಯ ಮದುವೆಯಿತ್ತು. ಅವಳು ಹೊಳೆಯುವ ತಾಮ್ರವನ್ನು ನೋಡಿ ಹೊಸ್ತಿಲಲ್ಲೇ ಕುಳಿತುಬಿಟ್ಟಳು. "ಇಲ್ಲಿಯವರು ನನ್ನನ್ನು ತಮ್ಮವಳು ಎನ್ನುವುದಿಲ್ಲ. ಇನ್ನು ಆ ಬೊಟ್ಟೂ ಇಲ್ಲವೆಂದರೆ ಯಾವ ಊರಿನವಳೆಂದು ಹಸೆಗೇರಲಿ? ನಾನು ಏರುವುದಿಲ್ಲ." ಅವಳ ಅಣ್ಣಂದಿರು ಬಡಿಗೆ ಹುಡುಕತೊಡಗಿದರು. ಇಂಥ ಹೊತ್ತಿನಲ್ಲಿ ಬಡಿಗೆ ಬೇಗ ಸಿಗುತ್ತದೆ.

ಅವಳ ಅಜ್ಜಿಗೆ ಕಣ್ಣು ಮಂಜು. ಮುದುಕಿ ಕೊಪ್ಪರಿಗೆಯ ಮೈಮೇಲೆ ಕೈಯಾಡಿಸಿದಳು. ಕಂಠದ ಕೆಳಗೆ ಬೆರಳಿಗೆ ಏನೋ ತಗಲಿತು. "ಇಲ್ಲಿ ಅಕ್ಷರ ಕೊರೆದಿದ್ದಾರೆ. ಬಂದು ಓದೇ."

ಹುಡುಗಿ ಒಲ್ಲದ ಮನಸ್ಸಿನಿಂದ ಎದ್ದು ಬಂದಳು. ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು ಹೊಳೆಬಾವಿಯಲ್ಲ, ನೆಲ್ಲಿದಿನ್ನಿ.

"ಇದು ಯಾವ ಊರು, ಅಜ್ಜಿ?"

"ನನಗೇನು ಗೊತ್ತು? ನನ್ನ ಅಜ್ಜಿಯೂ ಆ ಹೆಸರು ಎತ್ತಿದವಳಲ್ಲ. ಹೊಳೆಬಾವಿಗೆ ಬರುವ ಮೊದಲು ನಮ್ಮವರು ಅಲ್ಲಿಂದಲೂ ಗಾಡಿ ಹೂಡಿರಬೇಕು. ನಡಿ, ಒಲೆ ಹಚ್ಚು. ಬೀಗರು ಹಸಿದು ಬರುತ್ತಾರೆ."

ಹುಡುಗಿ ಆ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿದಳು. ಆಮೇಲೆ ಒಲೆ ಹಚ್ಚಿದಳು. ಅನ್ನ ಬೇಯುವಷ್ಟರಲ್ಲಿ ತಾಮ್ರದ ಬುಡ ಒಂದಿಷ್ಟು ಕಪ್ಪಾಯಿತು. ಇದ್ದಷ್ಟೇ ಮಸಿಯಲ್ಲಿ ಅಜ್ಜಿ ಬೊಟ್ಟು ಇಡಿಸಿದಳು, ಅದೂ ಆ ರೈತನ ಹೆಂಡತಿಯ ಕೈಯಿಂದ.

ಶಿಷ್ಯ ಕೇಳಿದ: "ಒಂದು ಹೊತ್ತಿನ ಮಸಿ, ಗುರುಗಳೇ. ಅದರಲ್ಲಿ ಯಾವ ಊರು ಇದ್ದೀತು?"

ಗುರುಗಳು ಹೇಳಿದರು: "ಅನಾದಿ ಕಾಲದ್ದೆಂದು ಆ ಮದುಮಗಳ ಮೊಮ್ಮಕ್ಕಳು ಇವತ್ತು ಯಾರಿಗೂ ತೊಳೆಯಗೊಡದ ಆ ಮಸಿ ಹಿಡಿದದ್ದು ವೈಶಾಖ ಶುದ್ಧ ತದಿಗೆ, ಸೋಮವಾರ."